ಹೊಡೆತ ತಿಂದವರು ಯಾರಿಗೆ ಫೋನ್ ಮಾಡಬೇಕು?

ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರದ ಒಂದು ಸಣ್ಣ ಸಹಕಾರಿ ಬ್ಯಾಂಕ್ ಅಂದುಕೊಳ್ಳಿ. ಕಂಪ್ಯೂಟರ್ ನೋಡಿಕೊಳ್ಳಲು ಇರುವುದು ಒಬ್ಬರೇ. ಪ್ರಿಂಟರ್ ಕೆಟ್ಟರೂ ಅವರೇ, ಸರ್ವರ್ ನಿಂತರೂ ಅವರೇ. ರಾತ್ರಿ ಹತ್ತಕ್ಕೆ ಫೈಲ್‌ಗಳೆಲ್ಲ ಲಾಕ್ ಆಗಿ, ದುಡ್ಡು ಕೇಳುವ ಸಂದೇಶ ಬಂತು. ಸಾಫ್ಟ್‌ವೇರ್ ಕೊಟ್ಟ ಕಂಪನಿ ಬೆಳಗಾಗುವ ತನಕ ಫೋನ್ ಎತ್ತುವುದಿಲ್ಲ. ಅಧ್ಯಕ್ಷರಿಗೆ ಹೇಳಿದರೆ "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಠೇವಣಿ ಇಟ್ಟವ್ರು ಬಂದು ನಿಂತಾರು" ಅನ್ನುತ್ತಾರೆ. ಈಗ ಅವರು ಯಾರನ್ನು ಕೇಳಬೇಕು?

ಸೈಬರ್ ಭದ್ರತೆ ಅಂದರೆ ಪಾಸ್‌ವರ್ಡ್, ಆ್ಯಂಟಿವೈರಸ್ ಅಂತ ನಾವು ತಿಳಿದಿದ್ದೇವೆ. ಆದರೆ ಈ ವೃತ್ತಿ ಬೆಳೆದ ಕತೆ ನೋಡಿದರೆ, ಅದರ ದೊಡ್ಡ ತಿರುವುಗಳೆಲ್ಲ ಬಂದದ್ದು ಇಂಥ ಫೋನಿನ ಪ್ರಶ್ನೆಯಿಂದಲೇ.

1988ರ ನವೆಂಬರ್ 2. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪನ್ ಮಾರಿಸ್ ಬರೆದ ಒಂದು ಪುಟ್ಟ ಪ್ರೋಗ್ರಾಂ ಇಂಟರ್ನೆಟ್‌ಗೆ ಇಳಿಯಿತು. ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಡುವ 'ವರ್ಮ್' ಅದು. ಆಗ ಇಂಟರ್ನೆಟ್‌ನಲ್ಲಿ ಇದ್ದದ್ದೇ ಸುಮಾರು 60,000 ಯಂತ್ರ. ಅದರಲ್ಲಿ 6,000ದಷ್ಟು ಸಿಕ್ಕಿಬಿದ್ದವು ಎಂಬುದು ಆ ಕಾಲದ ಅಂದಾಜು. ತಮಾಷೆ ನೋಡಿ, ಇದನ್ನು ತಡೆಯುವುದು ಹೇಗೆ ಅಂತ ಮಾರಿಸ್‌ನ ಗೆಳೆಯನೊಬ್ಬ ಅದೇ ರಾತ್ರಿ ಹೆಸರು ಹಾಕದೆ ಸಂದೇಶ ಕಳಿಸಿದ್ದ. ಆದರೆ ಅದು ಹೋಗಬೇಕಾದದ್ದು ಅದೇ ನೆಟ್‌ವರ್ಕ್ ಮೇಲೆ! ದಾರಿ ಕಟ್ಟಿಕೊಂಡಿತ್ತು, ಸಂದೇಶ ತಡವಾಯಿತು. ಹೆದರಿ ತಂತಿ ಕಿತ್ತಿಟ್ಟವರಿಗಂತೂ ಪರಿಹಾರ ಹುಡುಕಿದವರ ಮಾತು ಮುಟ್ಟುವ ದಾರಿಯೇ ಇರಲಿಲ್ಲ. ಪಕ್ಕದ ಊರಿನ ಯಂತ್ರ ನೋಡಿಕೊಳ್ಳುವವರು ಯಾರು, ಅವರ ಫೋನ್ ನಂಬರ್ ಏನು ಅನ್ನುವುದು ಬಹಳ ಜನರಿಗೆ ಗೊತ್ತೇ ಇರಲಿಲ್ಲ.

ಅದೇ ತಿಂಗಳು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ದುಡ್ಡು ಕೊಟ್ಟು, ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 'ಸರ್ಟ್' ಅನ್ನುವ, ಇಂಥ ದಾಳಿಯ ಹೊತ್ತಿಗೆ ನೆರವಾಗುವ ತಂಡ ಕಟ್ಟಿಸಿತು. ಹಗಲು ರಾತ್ರಿ ಫೋನ್ ಎತ್ತುವುದು ಅವರ ಕೆಲಸಗಳಲ್ಲಿ ಒಂದು. ಮರುವರ್ಷ ನಾಸಾದ ನೆಟ್‌ವರ್ಕ್‌ಗೆ ಇನ್ನೊಂದು ವರ್ಮ್ ನುಗ್ಗಿದಾಗ, ತಂಡಗಳು ಇದ್ದರೆ ಸಾಲದು, ಅವು ಒಂದಕ್ಕೊಂದು ಮಾತಾಡಬೇಕು ಅಂತ ಅರಿವಾಯಿತು. ಹಾಗೆ 1990ರಲ್ಲಿ ಹುಟ್ಟಿದ್ದು 'ಫಸ್ಟ್' ಎಂಬ ಒಕ್ಕೂಟ. ಈಗ ನೂರಕ್ಕೂ ಹೆಚ್ಚು ದೇಶಗಳ ತಂಡಗಳು ಅದರಲ್ಲಿವೆ.

ಇದು ಸರ್ಕಾರದ ದಾರಿಯಾಯಿತು. ಹುಡುಗರ ದಾರಿ ಬೇರೆ. 1993ರಲ್ಲಿ ಜೆಫ್ ಮಾಸ್ ಎಂಬ ತರುಣ ಲಾಸ್ ವೇಗಸ್‌ನಲ್ಲಿ ಗೆಳೆಯನೊಬ್ಬನಿಗೆ ಬೀಳ್ಕೊಡುಗೆ ಪಾರ್ಟಿ ಮಾಡಲು ಹೊರಟ. ಗೆಳೆಯ ಮೊದಲೇ ಊರು ಬಿಟ್ಟ. ಮಾಸ್ ಮಾತ್ರ ಪಾರ್ಟಿ ಬಿಡಲಿಲ್ಲ, ಗೊತ್ತಿದ್ದ ಹ್ಯಾಕರ್‌ಗಳನ್ನೆಲ್ಲ ಕರೆದ. ನೂರರಷ್ಟು ಜನ ಬಂದರು. ಅದೇ 'ಡೆಫ್ ಕಾನ್', ಇವತ್ತು ಸಾವಿರಾರು ಜನ ಸೇರುವ ಜಾತ್ರೆ. 1997ರಲ್ಲಿ ಕಂಪನಿಯವರಿಗಾಗಿ 'ಬ್ಲ್ಯಾಕ್ ಹ್ಯಾಟ್' ಎಂಬ ಸಮ್ಮೇಳನ ಶುರು ಮಾಡಿದ. 2009ರಲ್ಲಿ ಅಮೆರಿಕದ ಗೃಹ ಭದ್ರತಾ ಇಲಾಖೆಯ ಸಲಹಾ ಮಂಡಳಿಗೆ ಅವನನ್ನೇ ಸೇರಿಸಿಕೊಂಡರು. 2011ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನಿಭಾಯಿಸುವ ಐಕ್ಯಾನ್ ಸಂಸ್ಥೆ ಅವನಿಗೆ ಭದ್ರತೆಯ ಮುಖ್ಯಸ್ಥನ ಹುದ್ದೆ ಕೊಟ್ಟಿತು. ಜನರನ್ನು ಕೂಡಿಸುವುದನ್ನೇ ವೃತ್ತಿ ಮಾಡಿಕೊಂಡು ಇಷ್ಟು ದೂರ ಹೋದವರು ಈ ಕ್ಷೇತ್ರದಲ್ಲಿ ಕಡಿಮೆ.

ಗುರುತು ಪರಿಚಯದಿಂದ ಏನಾಗುತ್ತದೆ ಅನ್ನುವವರು 2008 ನೋಡಬೇಕು. ವೆಬ್ ವಿಳಾಸವನ್ನು ನಂಬರ್‌ಗೆ ಬದಲಿಸಿ ದಾರಿ ತೋರಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲೇ ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ ಒಂದು ಭಾರಿ ದೋಷ ಕಂಡುಹಿಡಿದರು. ಅದನ್ನು ಬಳಸಿದ ಕಳ್ಳ, ಬ್ಯಾಂಕಿನ ಸೈಟ್‌ಗೆ ಹೊರಟವರನ್ನು ತನ್ನ ನಕಲಿ ಸೈಟ್‌ಗೆ ತಿರುಗಿಸಬಹುದಿತ್ತು. ಕಾಮಿನ್ಸ್ಕಿ ಅದನ್ನು ಮಾರಲಿಲ್ಲ, ಡಂಗುರವನ್ನೂ ಹೊಡೆಯಲಿಲ್ಲ. ಡಿಎನ್‌ಎಸ್ ಬಲ್ಲ ಪಾಲ್ ವಿಕ್ಸಿಗೆ ತಿಳಿಸಿದರು. ಮಾರ್ಚ್ 31ರಂದು ಮೈಕ್ರೋಸಾಫ್ಟ್‌ನ ಕ್ಯಾಂಪಸ್‌ನಲ್ಲಿ ಹದಿನಾರು ಜನ ಗುಟ್ಟಾಗಿ ಸೇರಿದರು. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಕೊಡುವ ಕಂಪನಿಗಳು ಜುಲೈ 8ರಂದು ಒಂದೇ ದಿನ ತಿದ್ದುಪಡಿ ಹೊರಬಿಟ್ಟವು. ಪೂರ್ತಿ ವಿವರ ಆಗಸ್ಟ್‌ವರೆಗೆ ಗುಟ್ಟಾಗಿರಲಿ ಎಂದು ಕಾಮಿನ್ಸ್ಕಿ ಕೇಳಿಕೊಂಡಿದ್ದರು. ಜುಲೈ ಮುಗಿಯುವ ಮೊದಲೇ ಅದು ಸೋರಿತು. ಅಷ್ಟರಲ್ಲಿ ಮದ್ದು ಸಿಕ್ಕಿತ್ತು ಅನ್ನುವುದು ಪುಣ್ಯ. ಮೂರು ತಿಂಗಳು ಇಷ್ಟು ಜನ ಬಾಯಿ ಮುಚ್ಚಿಕೊಂಡಿದ್ದರಲ್ಲ, ಆ ನಂಬಿಕೆ ಯಾವ ಒಪ್ಪಂದಕ್ಕೆ ಸಹಿ ಹಾಕಿಸಿದರೂ ಒಂದೇ ದಿನಕ್ಕೆ ಬರುವುದಿಲ್ಲ.

ನಂಬಿಕೆಗೂ ಈ ಜನ ನಿಯಮ ಮಾಡಿಕೊಂಡಿದ್ದಾರೆ. ಹಂಚುವ ಮಾಹಿತಿಗೆ ಟ್ರಾಫಿಕ್ ಸಿಗ್ನಲ್‌ನಂತೆ ಬಣ್ಣ. ಕೆಂಪು ಅಂದರೆ ಈ ಕೋಣೆಯಲ್ಲಿ ಇದ್ದವರಿಗೆ ಮಾತ್ರ. ಹಳದಿ ಇದ್ದರೆ ನಿಮ್ಮ ಸಂಸ್ಥೆಯೊಳಗೆ, ಬೇಕಿದ್ದರೆ ನಿಮ್ಮ ಗ್ರಾಹಕರಿಗೂ, ಅಗತ್ಯ ಇದ್ದವರಿಗಷ್ಟೇ ಹೇಳಬಹುದು. ಹಸಿರು ಇಡೀ ಸಮುದಾಯಕ್ಕೆ.

ನಮ್ಮ ದೇಶದಲ್ಲಿ ಐಟಿ ಕಾಯ್ದೆ ಬಂದದ್ದು 2000ದಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ, 2004ರಲ್ಲಿ ನಮ್ಮ ದೇಶದ್ದೇ ಸರ್ಟ್ ಆದ 'ಸರ್ಟ್-ಇನ್'. ಆಸಕ್ತರು ತಾವೇ ಕೂಡತೊಡಗಿದ್ದು ಆಮೇಲೆ. ಪುಣೆಯಲ್ಲಿ 2007ರ 'ಕ್ಲಬ್‌ಹ್ಯಾಕ್', ಗೋವಾದಲ್ಲಿ 2010ರ 'ನಲ್‌ಕಾನ್'. 'ನಲ್' ಬಳಗದವರು ಹಲವು ಊರುಗಳಲ್ಲಿ ವಾರಾಂತ್ಯಕ್ಕೆ ಬಿಟ್ಟಿಯಾಗಿ ಕಲಿಸುತ್ತಾರೆ. ದಾಳಿ ಕಲಿಸುವ ಕೂಟಕ್ಕೆ 'ಹಮ್ಲಾ', ರಕ್ಷಣೆಯ ಕೂಟಕ್ಕೆ 'ಬಚಾವ್' ಅಂತ ಹೆಸರು.

ಇಲ್ಲಿ ಒಂದು ಮುಳ್ಳಿದೆ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ಕೈ ಹಾಕುವುದು ನಮ್ಮ ಕಾಯ್ದೆಯ ಸೆಕ್ಷನ್ 43ರ ಪ್ರಕಾರ ತಪ್ಪು. ಮೋಸದ ಉದ್ದೇಶ ಇದ್ದರೆ ಸೆಕ್ಷನ್ 66, ಮೂರು ವರ್ಷದ ತನಕ ಜೈಲು. ಒಳ್ಳೆಯ ಮನಸ್ಸಿನಿಂದ ದೋಷ ಹುಡುಕಿ ತಿಳಿಸಿದವರಿಗೆ ಅಂತಲೇ ಬೇರೆ ರಕ್ಷಣೆ ಆ ಸೆಕ್ಷನ್‌ಗಳಲ್ಲಿ ಇಲ್ಲ. ಹತ್ತೊಂಬತ್ತರ ಹುಡುಗ ಒಂದು ಸೈಟ್‌ನ ತೂತು ಕಂಡಾಗ ಅವನ ಪಕ್ಕದಲ್ಲಿ ಹಿರಿಯರೊಬ್ಬರು ಬೇಕಾಗುವುದು ಇದಕ್ಕೇ. "ಮುಟ್ಟಬೇಡ ತಮ್ಮಾ, ಮೊದಲು ಸರ್ಟ್-ಇನ್‌ಗೆ ಬರಿ" ಅನ್ನಲು.

ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಯುವವರಿಗೆ ಬರವಿಲ್ಲ. ಬಿವಿಬಿ ಎಂಜಿನಿಯರಿಂಗ್ ಕಾಲೇಜು ಇದ್ದದ್ದು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ಐಐಐಟಿ, ಮರುವರ್ಷ ಐಐಟಿ. 2023ರ ಜನವರಿಯಲ್ಲಿ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೂ ಅಡಿಗಲ್ಲು ಬಿತ್ತು. ಕಲಿತವರು ಬೆಂಗಳೂರಿನ ರಾತ್ರಿ ರೈಲು ಹತ್ತುತ್ತಾರೆ, ಅದೂ ಗೊತ್ತಿದ್ದದ್ದೇ.

ಕಷ್ಟ ಇರುವುದು ಉಳಿದವರಿಗೆ. ಈ ಭಾಗದ ದುಡ್ಡು ಜಾಸ್ತಿ ಓಡಾಡುವುದು ಸೊಸೈಟಿಗಳಲ್ಲಿ, ಸಣ್ಣ ಸಹಕಾರಿ ಬ್ಯಾಂಕ್‌ಗಳಲ್ಲಿ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕ್‌ನಿಂದ ಎರಡೇ ದಿನಗಳ ದಾಳಿಯಲ್ಲಿ 94 ಕೋಟಿ ರೂಪಾಯಿ ಹೋಯಿತು. ನಕಲಿ ಕಾರ್ಡ್ ಹಿಡಿದವರು 28 ದೇಶಗಳ ಎಟಿಎಂಗಳಲ್ಲಿ ದುಡ್ಡು ತೆಗೆದಿದ್ದರು. ಅಷ್ಟು ದೊಡ್ಡ ಬ್ಯಾಂಕ್‌ಗೇ ಹೀಗಾದರೆ, ಒಬ್ಬರೇ ಕಂಪ್ಯೂಟರ್ ನೋಡಿಕೊಳ್ಳುವ ಬ್ಯಾಂಕ್ ಭದ್ರತಾ ತಂಡವನ್ನು ಎಲ್ಲಿಂದ ತರಬೇಕು? ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಿ ಎಂದು ಸರ್ಟ್-ಇನ್ 2022ರಲ್ಲಿ ಆದೇಶ ಮಾಡಿತು. ಹಣ ವಂಚನೆಗೆ 1930 ಸಹಾಯವಾಣಿ ಇದೆ. ನಂಬರ್‌ಗಳು ಸಿಕ್ಕಿವೆ. ಆದರೆ "ನಿಮ್ಮಲ್ಲೂ ಹಿಂಗ ಆತೇನ್ರಿ?" ಅಂತ ನಾಚಿಕೆಯಿಲ್ಲದೆ ಕೇಳುವಷ್ಟು ಸಲುಗೆ ಇನ್ನೊಂದು ಬ್ಯಾಂಕಿನವರ ಜತೆ ಇರಬೇಕಲ್ಲ, ಅದನ್ನು ಆದೇಶ ಕೊಡುವುದಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ, ಸಾಲದ ಕಷ್ಟಕ್ಕೆ ರೈತರು ಸಹಕಾರ ಸಂಘ ಕಟ್ಟಿದ್ದರು. ಆ ಸೀಮೆಯ ಬ್ಯಾಂಕ್‌ಗಳು ಹ್ಯಾಕರ್‌ಗಳನ್ನು ಮಾತ್ರ ಒಂಟಿಯಾಗಿ ಎದುರಿಸಬೇಕೆಂದರೆ ವಿಚಿತ್ರ ಅಲ್ವಾ?

ಕೂಡಿಸುವ ಕೆಲಸ ಹತ್ತಿರದಿಂದ ನೋಡಿದರೆ ಸೊಗಸಾಗೇನೂ ಕಾಣುವುದಿಲ್ಲ. ಸೆಮಿನಾರ್ ಹಾಲ್‌ಗೆ ಪ್ರಾಂಶುಪಾಲರ ಅನುಮತಿ ಪತ್ರ, ಲ್ಯಾಬ್‌ನ ಕೀಲಿ ಇಟ್ಟುಕೊಂಡವರ ಬೆನ್ನು ಹತ್ತುವುದು, ಪ್ರೊಜೆಕ್ಟರ್‌ಗೆ ಹೊಂದದ ಕೇಬಲ್, ನಲವತ್ತು ಜನಕ್ಕೆ ಗಿರಮಿಟ್ಟು, ಮಿರ್ಚಿ, ಚಹಾ. ತಮ್ಮ ಸಾಮಾನು ಮಾರಲು ಬಂದ ಕಂಪನಿಯವರಿಗೆ ಮೈಕ್ ಕೊಡದಂತೆ ನೋಡಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಸುಮ್ನೆ ಕೂತ ಹುಡುಗಿ ಮುಂದಿನ ಸಲ ತಾನೇ ಎದ್ದು ಪಾಠ ಹೇಳುವಂತೆ ಮಾಡಬೇಕು. ಇದು ಒಂದೆರಡು ಸಭೆಯ ಮಾತಲ್ಲ, ವರ್ಷಗಟ್ಟಲೆ ನಡೆಯಬೇಕು. ಕರೆಯುವವರಿಗೆ ವರ್ಗವಾದರೆ ಬಳಗ ವಾಟ್ಸ್ಆ್ಯಪ್‌ನಲ್ಲಿ ಹಬ್ಬದ ಶುಭಾಶಯಕ್ಕೆ ಇಳಿಯುತ್ತದೆ.

ನೌಕರಿಯ ಲೆಕ್ಕದಲ್ಲಿ ಇದಕ್ಕೆಲ್ಲ ಬೆಲೆ ಸಿಗುವುದು ಅಪರೂಪ. ಸರ್ಟಿಫಿಕೇಟ್‌ಗೆ ಬಡ್ತಿ ಇದೆ, ಸಭೆ ಕರೆದದ್ದಕ್ಕೆ ಇಲ್ಲ. ಅದು ಮೊದಲು ಬದಲಾಗಲಿ ಅನ್ನುವುದು ನನ್ನ ಮಾತು. ಜಾಗಕ್ಕೆ ಇಲ್ಲಿ ಕಾಲೇಜುಗಳಿವೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೂ ರಜೆ. ಆ ದಿನ ಒಬ್ಬ ಸಿಬ್ಬಂದಿಯನ್ನು ಕಳಿಸಿ, ಅದನ್ನು ಕೆಲಸದ ದಿನ ಅಂತಲೇ ಹಾಜರಿಗೆ ಹಿಡಿಯುವುದನ್ನು ಯಾವ ಆಡಳಿತ ಮಂಡಳಿ ಬೇಕಾದರೂ ಮುಂದಿನ ಸಭೆಯಲ್ಲೇ ಠರಾವು ಮಾಡಬಹುದು.