ಗಿರಾಕಿ ‘ಇರಕಲ್’ ಎಂದರೆ ತಿದ್ದಬೇಡಿ

ಗೂಗಲ್‌ನಲ್ಲಿ ಹುಡುಕಿದವರಿಗೆ ಜಾಲತಾಣಗಳು ಸಿಗುವಂತೆ ಮಾಡುವುದು ನನ್ನ ಕಸುಬು. ಇಳಕಲ್‌ನಲ್ಲಿ ಸೀರೆ ವ್ಯಾಪಾರ ಮಾಡುವವರೊಬ್ಬರು ನನ್ನನ್ನು ಕರೆಸಿಕೊಂಡಿದ್ದರು. ಅಜ್ಜನ ಕಾಲದ ಅಂಗಡಿ. ಜಾಲತಾಣ ಮಾಡಿಸಿ ವರ್ಷ ದಾಟಿತ್ತು, ಅದರ ಮೂಲಕ ಒಂದು ಸೀರೆಯೂ ಹೋಗಿರಲಿಲ್ಲ. ಅಂಗಡಿಯ ಹೆಸರನ್ನೇ ಟೈಪ್ ಮಾಡಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತಿತ್ತು. ಅದನ್ನೇ ತೋರಿಸಿ ತಾಣ ಮಾಡಿಕೊಟ್ಟವರು ಹಣ ಎಣಿಸಿಕೊಂಡು ಹೋಗಿದ್ದರು. ಹೆಸರು ಗೊತ್ತಿದ್ದವರು ಹೇಗಿದ್ದರೂ ಬರುತ್ತಾರೆ. ಗೊತ್ತಿಲ್ಲದವರನ್ನು ಕರೆತರುವುದಕ್ಕಲ್ಲವೇ ಇಷ್ಟೆಲ್ಲ ಖರ್ಚು?

ಗಲ್ಲಾದ ಪಕ್ಕದಲ್ಲಿ ಕುಳಿತು ತಾಣವನ್ನು ನೋಡುತ್ತಿದ್ದಾಗ ಅವರಿಗೊಂದು ಫೋನ್ ಬಂತು. ಸೊಲ್ಲಾಪುರದ ಹೆಣ್ಣುಮಗಳು. ಇರಕಲ್ ಸೀರೆ ಬೇಕಿತ್ತಂತೆ. ‘ಇರಕಲ್ ಅಲ್ಲ ಅಕ್ಕಾ, ಇಳಕಲ್’ ಎಂದು ಮಾಲೀಕರು ನಗುತ್ತಲೇ ತಿದ್ದಿದರು. ಫೋನ್ ಇಟ್ಟ ಮೇಲೆ, ‘ಆ ಕಡೆಯವರೆಲ್ಲ ಹೀಗೇ ಸರ್, ಹೇಳಿ ಹೇಳಿ ಸಾಕಾಯಿತು’ ಎಂದರು. ನಾನು ಅವರ ತಾಣದಲ್ಲಿ ‘ಇರಕಲ್’ ಎಂಬ ಪದವನ್ನು ಹುಡುಕಿದೆ. ಕನ್ನಡದಲ್ಲಿಲ್ಲ, ಮರಾಠಿಯಲ್ಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಮರಾಠಿ ಸೀಮೆಯಲ್ಲಿ ಈ ಸೀರೆಗೆ ರೂಢಿಯಲ್ಲಿರುವ ಹೆಸರೇ ಇರಕಲ್. ಅಲ್ಲಿನ ಗಿರಾಕಿ ಬೆರಳಿನಲ್ಲಿ ಒತ್ತುವುದೂ ಅದನ್ನೇ. ಆ ಹೆಸರನ್ನು ತಾಣದಲ್ಲಿ ಬರೆಯೋಣ ಎಂದರೆ ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ‘ಊರಿನ ಹೆಸರನ್ನು ನಾವೇ ಕೆಡಿಸಿದರೆ ಹೇಗೆ ಸರ್?’ ಎಂಬುದು ಅವರ ಪ್ರಶ್ನೆ. ಕೆಡಿಸುವುದು ಬೇಡ, ‘ಮಹಾರಾಷ್ಟ್ರದಲ್ಲಿ ಇರಕಲ್ ಎಂದು ಕರೆಯುವ ಸೀರೆ ಇದೇ’ ಎಂಬ ಒಂದು ಸಾಲು, ಮರಾಠಿಯಲ್ಲಿ ಒಂದು ಪುಟ, ಅಷ್ಟು ಸಾಕು ಎಂದು ಒಪ್ಪಿಸಲು ಎರಡು ಚಹಾ ಬೇಕಾಯಿತು.

ಸರ್ಚ್ ಎಂಜಿನ್‌ಗೆ ತಾಣವನ್ನು ಹೊಂದಿಸುವ ಕೆಲಸ, ಅಂದರೆ ನಮ್ಮ ಕಸುಬಿನ ಭಾಷೆಯಲ್ಲಿ ಎಸ್ಇಒ, ಸಣ್ಣ ವ್ಯಾಪಾರಿಯ ಮಟ್ಟಿಗೆ ಬಹುಪಾಲು ಇಷ್ಟೇ: ಗಿರಾಕಿ ಆಡುವ ಮಾತು ಅಂಗಡಿಯ ಪುಟದಲ್ಲಿ ಇರುವಂತೆ ನೋಡಿಕೊಳ್ಳುವುದು. ಅಕ್ಷರ ತಪ್ಪಿದರೆ ಗೂಗಲ್ ತಾನೇ ಸರಿಪಡಿಸಿಕೊಳ್ಳುತ್ತದೆ. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಹುಬ್ಳಿಯೂ ಹುಬ್ಬಳ್ಳಿಯೂ ಒಂದೇ ಎಂಬುದು ಅದಕ್ಕೆ ಗೊತ್ತು. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನಿಮ್ಮ ಸರಕಿಗೆ ಬೇರೆ ಸೀಮೆಯವರು ಇಟ್ಟ ಹೆಸರು, ಅವರು ಅದರ ಬಗ್ಗೆ ಕೇಳುವ ಅನುಮಾನ, ಇವೆಲ್ಲ ನಿಮ್ಮ ಫೋನಿಗೆ ಬರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ.

ಹಾಗಾಗಿ ನನ್ನ ಬಳಿಗೆ ಹೊಸ ವ್ಯಾಪಾರಿ ಯಾರೇ ಬಂದರೂ ನಾನು ಮೊದಲು ಕೊಡುವುದು ಇನ್ನೂರು ಪುಟದ ಒಂದು ನೋಟುಪುಸ್ತಕ. ಎರಡು ವಾರ ಫೋನಿನಲ್ಲಿ ಯಾರು ಏನು ಕೇಳಿದರೂ ಕೇಳಿದ ಮಾತಿನಲ್ಲೇ ಬರೆದಿಡಬೇಕು, ತಿದ್ದಬಾರದು. ಇಳಕಲ್‌ನ ಪುಸ್ತಕವನ್ನು ತುಂಬಿಸಿದವರು ಮಾಲೀಕರ ಸೊಸೆ. ಒಂಬತ್ತು ಗಜದ್ದು ಇದೆಯೇ? ಸೆರಗು ಅಪ್ಪಟ ರೇಷ್ಮೆಯೋ, ಚಮಕಾವೋ (ಕೃತಕ ರೇಷ್ಮೆಯೋ)? ಮೊದಲ ಸಲ ಒಗೆದರೆ ಬಣ್ಣ ಬಿಡುತ್ತದೆಯೇ? ಜೊತೆಗೆ ಗುಳೇದಗುಡ್ಡದ ರವಿಕೆ ಖಣ ಸಿಗುತ್ತದೆಯೇ? ಗೋಮಿ ದಡಿ, ಗಾಡಿ ದಡಿ, ಚಿಕ್ಕಿ ಪರಸ ಎಂದು ಅಂಚಿನ ಹೆಸರು ಹಿಡಿದು ಕೇಳಿದ ಹಿರಿಯರೂ ಇದ್ದರು. ಇತ್ತ ತಾಣದ ಮುಖಪುಟದಲ್ಲಿ ಇದ್ದದ್ದು ‘ಪರಂಪರೆಯ ಸೊಬಗು, ಆಧುನಿಕತೆಯ ಸ್ಪರ್ಶ’. ಆ ಸಾಲನ್ನು ಸೋಫಾ ಅಂಗಡಿಯ ಫಲಕಕ್ಕೂ ಅಂಟಿಸಬಹುದು. ಬ್ರೌಸರ್‌ನಲ್ಲಿ ಕಾಣುವ ಪುಟದ ಶೀರ್ಷಿಕೆಯಾದರೂ ಏನು? ‘ಹೋಮ್’! ಸರ್ಚ್ ಎಂಜಿನ್ ಬಹಳ ಗಮನ ಕೊಡುವ ಜಾಗಗಳಲ್ಲಿ ಶೀರ್ಷಿಕೆಯೂ ಒಂದು. ಅಲ್ಲಿ ಸೀರೆಯ ಹೆಸರೂ ಇಲ್ಲ, ಊರೂ ಇಲ್ಲ. ಇದು ಇವರೊಬ್ಬರದೇ ಕಥೆಯಲ್ಲ, ನಾನು ನೋಡುವ ತಾಣಗಳಲ್ಲಿ ‘ಹೋಮ್’ಗಳಿಗೆ ಬರವಿಲ್ಲ.

ಇನ್ನೊಂದು ರೋಗ ನಮ್ಮ ಭಾಷೆಗೆ ಅಂಟಿಕೊಂಡದ್ದು. ಕನ್ನಡ ಪುಟಕ್ಕೆಂದು ಡಿಟಿಪಿ ಅಂಗಡಿಯಿಂದ ತಂದ ಬರಹವನ್ನು ಹಾಗೆಯೇ ಸುರಿದಿದ್ದರು. ಅದು ಹಳೆಯ ನುಡಿ ಫಾಂಟಿನದು. ಆ ಬಗೆಯ ಫಾಂಟಿನಲ್ಲಿ ಕಣ್ಣಿಗೆ ‘ಸೀರೆ’ ಎಂದು ಕಂಡರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದುವುದು ಒಳಗಿರುವುದನ್ನು. ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರ್ ಗುರುತಿಸುವಂತೆ ಮಾಡುವ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಹಳೆಯ ಕಡತವನ್ನು ಅದಕ್ಕೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ನಿಮಿಷದ ಕೆಲಸ. ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಒಮ್ಮೆ ಕಣ್ಣಾಡಿಸಬೇಕು. ಸೀರೆಯ ಅಳತೆ, ಬೆಲೆಗಳನ್ನೆಲ್ಲ ಫೋಟೊದೊಳಗೇ ಅಚ್ಚು ಹಾಕಿಸಿದ್ದರು. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದಿಕೊಂಡೀತು ಎಂದು ನಂಬಿ ಕೂರಬಾರದು. ಅವನ್ನೂ ಬರಹಕ್ಕೆ ಇಳಿಸಿದೆವು.

ಅಂಗಡಿಗೆ ನಡೆದು ಬರುವ ಗಿರಾಕಿಯ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಜಾಲತಾಣಕ್ಕಿಂತ ನಕ್ಷೆಯ ಪಕ್ಕದಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್ ದೊಡ್ಡದು. ಅದು ಉಚಿತ. ಯಾರನ್ನು ಮೇಲೆ ತೋರಿಸಬೇಕು ಎನ್ನುವುದಕ್ಕೆ ಗೂಗಲ್ ಮೂರು ಸಂಗತಿಗಳನ್ನು ಹೇಳುತ್ತದೆ: ಹುಡುಕಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ದೂರ, ಅಂಗಡಿಗಿರುವ ಖ್ಯಾತಿ. ದೂರ ನಿಮ್ಮ ಕೈಯಲ್ಲಿಲ್ಲ. ಸರಿಯಾದ ವರ್ಗ, ಸರಿಯಾದ ವೇಳೆ, ವಾರದ ರಜೆ, ಈಗಿನ ಫೋಟೊ, ಬಂದ ವಿಮರ್ಶೆಗೆ ಉತ್ತರ ಇವು ಕೈಯಲ್ಲಿವೆ. ಅಂಗಡಿಯ ಹೆಸರಿನ ಜಾಗದಲ್ಲಿ ‘ಬೆಸ್ಟ್ ಇಳಕಲ್ ಸೀರೆ ಹೋಲ್‌ಸೇಲ್ ಬಾಗಲಕೋಟೆ’ ಎಂದು ರೈಲುಬಂಡಿ ಕಟ್ಟಿದರೆ ಗೂಗಲ್ ಪ್ರೊಫೈಲನ್ನೇ ತಡೆಹಿಡಿಯಬಹುದು. ಫಲಕದ ಮೇಲಿರುವ ಹೆಸರೇ ಅಲ್ಲಿರಬೇಕು. ಐದು ನಕ್ಷತ್ರ ಕೊಟ್ಟವರಿಗೆ ರಿಯಾಯಿತಿ ಎನ್ನುವುದೂ ನಿಯಮಕ್ಕೆ ವಿರುದ್ಧ. ಅಂದ ಹಾಗೆ, ಇದೇ ಪ್ರೊಫೈಲಿನಲ್ಲಿ ಒಂದು ಕಾಲಕ್ಕೆ ಬಿಟ್ಟಿ ಜಾಲತಾಣವೂ ಸಿಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಕಾರ್ಡಿನ ಮೇಲೆ ಆ ವಿಳಾಸವನ್ನು ಅಚ್ಚು ಹಾಕಿಸಿ ಇಂದಿಗೂ ಹಂಚುತ್ತಿರುವವರನ್ನು ನೋಡಿದ್ದೇನೆ. ಸ್ವಂತ ಡೊಮೇನ್‌ಗೆ, ಅಂದರೆ ತಾಣದ ಸ್ವಂತ ವಿಳಾಸಕ್ಕೆ, ವರ್ಷಕ್ಕೊಮ್ಮೆ ಕೊಡುವ ದುಡ್ಡನ್ನು ಉಳಿಸಲು ಹೋಗಬೇಡಿ.

ನಮ್ಮ ಕಸುಬಿನವರ ಬಗ್ಗೆಯೂ ಒಂದು ಮಾತು. ‘ಮೊದಲ ಸ್ಥಾನ ಗ್ಯಾರಂಟಿ’ ಎನ್ನುವವರಿಗೆ ಕೈಮುಗಿದು ಕಳುಹಿಸಿ. ಅಂಥ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಹೇಳಿದೆ. ಬೇರೆ ತಾಣಗಳಿಂದ ನಿಮ್ಮ ತಾಣಕ್ಕೆ ಸಾವಿರ ಕೊಂಡಿ (ಲಿಂಕ್) ಹಾಕಿಸಿಕೊಡುವ ಪ್ಯಾಕೇಜ್ ಮಾರುವವರಿದ್ದಾರೆ. ಇಂಥ ಕೊಂಡಿಗಳ ಆಟವನ್ನು ತಡೆಯಲು ಗೂಗಲ್ ತನ್ನ ಹುಡುಕಾಟದ ಕ್ರಮದಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯನ್ನು ತಂದದ್ದು 2012ರಲ್ಲಿ. ಕೀವರ್ಡ್ ಟ್ಯಾಗ್, ಅಂದರೆ ಓದುಗರಿಗೆ ಕಾಣದಂತೆ ಪುಟದೊಳಗೆ ಇಡುವ ಪದಪಟ್ಟಿ, ತುಂಬಿಸಿದ್ದೇವೆ ಎಂದು ಬಿಲ್ಲು ಹಾಕುವವರೂ ಇದ್ದಾರೆ. ಆ ಟ್ಯಾಗನ್ನು ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಗೂಗಲ್ ಪ್ರಕಟಿಸಿದ್ದು 2009ರಲ್ಲಿ. ಈಗಿನ ಹೊಸ ಸರಕೆಂದರೆ ಕೃತಕ ಬುದ್ಧಿಮತ್ತೆಯಿಂದ ರಾತ್ರೋರಾತ್ರಿ ಬರೆಸಿದ ಐನೂರು ಲೇಖನಗಳು. ಯಾರೇ ಬರೆದಿರಲಿ, ಹುಡುಕಾಟದಲ್ಲಿ ಮೇಲೆ ಬರಲೆಂದಷ್ಟೇ ರಾಶಿ ಹಾಕಿದ ಪುಟಗಳನ್ನು 2024ರ ಮಾರ್ಚ್‌ನ ನಿಯಮಗಳು ಸ್ಪ್ಯಾಮ್ ಎಂದೇ ಪರಿಗಣಿಸುತ್ತವೆ.

ಅದೇ ವರ್ಷದ ಆಗಸ್ಟ್‌ನಿಂದ ಭಾರತದಲ್ಲೂ ಫಲಿತಾಂಶಗಳ ತಲೆಯ ಮೇಲೆ ಯಂತ್ರವೇ ಬರೆದ ಉತ್ತರ ಕಾಣಿಸಿಕೊಳ್ಳತೊಡಗಿತು. ‘ರೇಷ್ಮೆ ಸೀರೆ ಒಗೆಯುವುದು ಹೇಗೆ’ ಎಂಬಂಥ ಪ್ರಶ್ನೆಗೆ ಗಿರಾಕಿ ಅಲ್ಲೇ ಓದಿ ಮುಗಿಸುತ್ತಾನೆ, ನಿಮ್ಮ ಪುಟದವರೆಗೆ ಬರುವುದಿಲ್ಲ. ‘ನಿಮ್ಮಲ್ಲಿ ಈಗ ಒಂಬತ್ತು ಗಜದ ಚಿಕ್ಕಿ ಪರಸ ಯಾವ ಬಣ್ಣದಲ್ಲಿದೆ’ ಎಂಬುದಕ್ಕೆ ಉತ್ತರ ಇರುವುದು ಮಾತ್ರ ನಿಮ್ಮಲ್ಲೇ. ನಾವು ಆ ಕಡೆಗೇ ವಾಲಿದೆವು. ಎಲ್ಲ ಸೀರೆಗಳನ್ನೂ ಒಂದೇ ಪುಟದಲ್ಲಿ ತುರುಕಿದ್ದನ್ನು ಒಡೆದು, ಅಂಚಿಗೊಂದು, ಒಂಬತ್ತು ಗಜಕ್ಕೊಂದು, ಕಸೂತಿ ಹಾಕಿದ್ದಕ್ಕೊಂದು ಪುಟ ಮಾಡಿದೆವು. ಸೊಸೆಯ ಪುಸ್ತಕದ ಪ್ರಶ್ನೆಗಳು ಹೆಚ್ಚು ತಿದ್ದುಪಡಿ ಇಲ್ಲದೆ ಉಪಶೀರ್ಷಿಕೆಗಳಾದವು.

ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಮೊದಲೇ ಹೇಳಿದ್ದೆ. ಮಾಲೀಕರು ಎರಡನೆಯ ತಿಂಗಳಿಗೇ ಗೊಣಗಿದರು. ಐದನೆಯ ತಿಂಗಳಲ್ಲಿ ಗೂಗಲ್ ಸರ್ಚ್ ಕನ್ಸೋಲ್ ತೆರೆದು ತೋರಿಸಿದೆ. ಜನ ಯಾವ ಪದ ಹಾಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿದರು ಎಂಬುದನ್ನು ತೋರಿಸುವ ಉಚಿತ ಸಾಧನ ಅದು. ಹದಿನಾರು ತಿಂಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಪಟ್ಟಿಯ ಮೇಲಿನ ಸಾಲುಗಳಲ್ಲಿ ದೇವನಾಗರಿಯ ‘ಇರಕಲ್’ ಇತ್ತು. ಮಾಲೀಕರು ಅದನ್ನು ಬೆರಳಿಟ್ಟು ಓದಿದರು, ಏನೂ ಹೇಳಲಿಲ್ಲ. ಈಗ ಫೋನಿನಲ್ಲಿ ತಿದ್ದುವುದನ್ನು ಬಿಟ್ಟಿದ್ದಾರಂತೆ.

ಎರಡನೆಯ ಪುಸ್ತಕ ನಡೆಯುತ್ತಿದೆ. ಅದರಲ್ಲಿ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಒಂದೇ: ‘ಇದು ಕೈಮಗ್ಗದ್ದೋ, ಪವರ್‌ಲೂಮಿನದ್ದೋ?’ ಅಂಗಡಿಯಲ್ಲಿ ಎರಡೂ ಇವೆ. ಯಾವುದು ಯಾವುದೆಂದು ಸೀರೆ ಸೀರೆಗೂ ಬರೆಯಿರಿ ಎಂದು ಹೇಳಿ ಬಂದಿದ್ದೇನೆ. ‘ನೋಡೋಣ ಸರ್’ ಎಂದಿದ್ದಾರೆ. ಆ ಪುಟ ಇನ್ನೂ ಖಾಲಿ ಇದೆ.