ಸಸ್ಪೆನ್ಸ್ ಗೇಮ್ ಆಡುವ ಮುಂಚೆ ರಿವ್ಯೂ ಓದಬೇಕಾ, ಬೇಡವಾ?

ಪ್ರಶ್ನೆ: ಔಟರ್ ವೈಲ್ಡ್ಸ್ ಗೇಮ್ ತಗೊಳ್ಳೋಣ ಅಂತಿದ್ದೇನೆ. ಯಾರನ್ನು ಕೇಳಿದರೂ "ಅದರ ಬಗ್ಗೆ ಏನೂ ಓದಬೇಡ, ಸುಮ್ನೆ ಆಡು" ಅಂತಾರೆ. ಏನೂ ಗೊತ್ತಿಲ್ಲದೆ ದುಡ್ಡು ಹಾಕೋದು ಹೇಗೆ? ಓದಿಬಿಟ್ಟರೆ ಮಜಾ ಹೋಗುತ್ತೆ ಅನ್ನೋ ಭಯವೂ ಇದೆ. ಇಂಥ ಗೇಮ್‌ಗಳಿಗೆ ರಿವ್ಯೂ ಓದಬೇಕಾ, ಬೇಡವಾ?

ಉತ್ತರ: ಕೊಳ್ಳೋದಾ ಬೇಡವಾ ಅಂತ ತೀರ್ಮಾನಿಸಲು ಎಷ್ಟು ಬೇಕೋ ಅಷ್ಟು ಓದಿ. ತೀರ್ಮಾನ ಆದ ತಕ್ಷಣ ಪುಟ ಮುಚ್ಚಿಬಿಡಿ. ಆ "ಎಷ್ಟು ಬೇಕೋ ಅಷ್ಟು" ಒಂದೊಂದು ಗೇಮ್‌ಗೆ ಒಂದೊಂದು ಥರ. ಕೆಲವಕ್ಕೆ ಇಡೀ ರಿವ್ಯೂ ಓದಿದರೂ ಏನೂ ಆಗುವುದಿಲ್ಲ. ಕೆಲವಕ್ಕೆ ಒಂದೇ ಸಾಲು ಜಾಸ್ತಿಯಾಗುತ್ತದೆ. ನೀವು ಕೇಳಿರುವ ಗೇಮ್ ಎರಡನೇ ಜಾತಿಯದು. (ಧೈರ್ಯವಾಗಿ ಮುಂದೆ ಓದಿ. ಇಲ್ಲಿ ಯಾವ ಗೇಮ್‌ನ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ.)

ಚಿಕ್ಕವರಿದ್ದಾಗ ಕರೆಂಟ್ ಹೋದರೆ ನಮ್ಮಜ್ಜಿ ಒಗಟು ಹೇಳುತ್ತಿದ್ದರು. "ಬಿಳಿ ಕುದುರೆಗೆ ಹಸಿರು ಬಾಲ, ಏನು ಹೇಳು?" ನಾವು ತಲೆ ಕೆರೆದುಕೊಂಡು ಹಸು, ಕೊಕ್ಕರೆ, ಏನೇನೋ ಹೇಳುತ್ತಿದ್ದೆವು. ಅಷ್ಟರಲ್ಲಿ ದೊಡ್ಡ ಅಣ್ಣ ಮೂಲೆಯಿಂದ "ಮೂಲಂಗಿ!" ಅಂತ ಕೂಗಿಬಿಡುತ್ತಿದ್ದ. ಅಜ್ಜಿಗೆ ನಿಜಕ್ಕೂ ಕೋಪ ಬರುತ್ತಿತ್ತು. ಯಾಕೆಂದರೆ ಉತ್ತರ ಗೊತ್ತಾದ ಮೇಲೆ ಒಗಟೇ ಇರುವುದಿಲ್ಲ. ಕಥೆಯಾದರೆ ಕೊನೆ ಗೊತ್ತಿದ್ದರೂ ಇನ್ನೊಮ್ಮೆ ಹೇಳಿಸಿಕೊಂಡು ಕೇಳಬಹುದು. ಒಗಟನ್ನು ಇನ್ನೊಮ್ಮೆ ಬಿಡಿಸೋಕೆ ಆಗಲ್ಲ, ಅಲ್ವಾ?

ಸಸ್ಪೆನ್ಸ್ ಗೇಮ್‌ಗಳಲ್ಲೂ ಹೀಗೇ ಎರಡು ಬಗೆ. ಕೆಲವು ಕಥೆಯ ಥರ, ಕೆಲವು ಒಗಟಿನ ಥರ. ಔಟರ್ ವೈಲ್ಡ್ಸ್ ಪೂರ್ತಿ ಒಗಟು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಪ್ರಾಜೆಕ್ಟ್ ಆಗಿ ಶುರುವಾದದ್ದು ಇದು. 2019ರಲ್ಲಿ ಬಿಡುಗಡೆಯಾಯಿತು, 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಗೇಮ್ ಪ್ರಶಸ್ತಿ ಪಡೆಯಿತು. ಪುಟ್ಟ ಸೌರಮಂಡಲ, ನಿಮಗೊಂದು ಮರದ ಬಾಹ್ಯಾಕಾಶ ನೌಕೆ, ಅಷ್ಟೇ. ಸಾಮಾನ್ಯವಾಗಿ ಗೇಮ್‌ಗಳಲ್ಲಿ ಆಡುತ್ತಾ ಆಡುತ್ತಾ ಹೊಸ ಆಯುಧ, ಹೊಸ ಶಕ್ತಿ ಸಿಗುತ್ತದೆ. ಇಲ್ಲಿ ಅದೇನೂ ಇಲ್ಲ. ಮೊದಲ ಗಂಟೆಯಲ್ಲಿ ನಿಮ್ಮ ಕೈಯಲ್ಲಿ ಏನಿತ್ತೋ ಕೊನೆಯ ಗಂಟೆಯಲ್ಲೂ ಅದೇ ಇರುತ್ತದೆ. ಬದಲಾಗುವುದು ನಿಮ್ಮ ತಲೆಯೊಳಗಿನ ತಿಳಿವಳಿಕೆ ಮಾತ್ರ. ಮೊದಲ ಸಲ ಆಡುವವರಿಗೆ ಮುಗಿಸಲು 15-20 ಗಂಟೆ ಬೇಕಾಗುತ್ತದೆ. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಅಂತ ಗೊತ್ತಿರುವವರು ಅದೇ ಗೇಮನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ! ಅಂದಮೇಲೆ ಯಾರಾದರೂ ಒಂದು ಸುಳಿವು ಹೇಳಿದರೆ ನಿಮ್ಮಿಂದ ಒಂದೆರಡು ಸಂಜೆ ಕಿತ್ತುಕೊಂಡ ಹಾಗೆ. "ಏನೂ ಓದಬೇಡ" ಅಂತ ನಿಮ್ಮ ಗೆಳೆಯರು ಹೇಳುತ್ತಿರುವುದು ಇದಕ್ಕೇ.

ಸಾಲು ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದು ನನಗೆ ಇನ್ನೊಂದು ಗೇಮ್‌ನಲ್ಲಿ ಗೊತ್ತಾಯಿತು. ರಿಟರ್ನ್ ಆಫ್ ದಿ ಓಬ್ರಾ ಡಿನ್, 2018ರದ್ದು, ಲೂಕಸ್ ಪೋಪ್ ಎಂಬಾತ ಮಾಡಿದ್ದು. 1802ರಲ್ಲಿ ಲಂಡನ್ನಿನಿಂದ ಹೊರಟ ವ್ಯಾಪಾರಿ ಹಡಗೊಂದು ಕಾಣೆಯಾಗಿ, 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ. ನೀವು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ವಿಮಾ ತನಿಖಾಧಿಕಾರಿ. ಹಡಗಿನಲ್ಲಿದ್ದವರು 60 ಜನ. ಒಬ್ಬೊಬ್ಬರ ಹೆಸರು, ಅವರಿಗೆ ಏನಾಯಿತು, ಯಾರಿಂದ ಆಯಿತು ಅಂತ ಒಂದು ಪುಸ್ತಕದಲ್ಲಿ ತುಂಬಬೇಕು. ನಿಮ್ಮ ಕೈಯಲ್ಲೊಂದು ಮಾಯಾ ಗಡಿಯಾರ ಇರುತ್ತದೆ. ಹೆಣದ ಹತ್ತಿರ ಅದನ್ನು ಹಿಡಿದರೆ ಮೊದಲು ಕತ್ತಲಲ್ಲಿ ಮಾತು ಕೇಳಿಸುತ್ತದೆ, ಆಮೇಲೆ ಸಾವಿನ ಆ ಒಂದು ಕ್ಷಣ ನಿಂತ ಚಿತ್ರದ ಹಾಗೆ ಕಣ್ಣ ಮುಂದೆ ಬರುತ್ತದೆ. ಅದರೊಳಗೆ ಓಡಾಡಿ ಅಂಗಿ ನೋಡಬೇಕು, ಮಾತಿನ ಧಾಟಿ ನೆನಪಿಟ್ಟುಕೊಳ್ಳಬೇಕು, ಯಾರ ಪಕ್ಕ ಯಾರಿದ್ದಾರೆ ಅಂತ ಗಮನಿಸಬೇಕು. ನಮ್ಮ ದೇಶದ ನಾವಿಕರೂ ಆ ಪಟ್ಟಿಯಲ್ಲಿ ಇದ್ದಾರೆ. ಅವರನ್ನು ಗುರುತಿಸಲೇಬೇಕು ಅಂತ ನಾನು ಹಟಕ್ಕೆ ಬಿದ್ದಿದ್ದೆ.

ಮೂವರ ವಿಷಯ ಸರಿಯಾಗಿ ಬರೆದಾಗ ಮಾತ್ರ ಗೇಮ್ "ಹೌದು" ಅನ್ನುತ್ತದೆ. ಆ ಹೊತ್ತಿಗೆ ಸಂಗೀತ ಏರುತ್ತದೆ, ಕೈಬರಹ ಅಚ್ಚಕ್ಷರವಾಗುತ್ತದೆ. ಮೈ ಜುಮ್ಮೆನ್ನುತ್ತದೆ. ಒಮ್ಮೆ ಎಲ್ಲೋ ಸಿಕ್ಕಿಹಾಕಿಕೊಂಡೆ ಅಂತ, ಗುಟ್ಟು ಹೇಳುವುದಿಲ್ಲ ಎಂದು ಬರೆದುಕೊಂಡಿದ್ದ ಒಂದು ರಿವ್ಯೂ ತೆಗೆದೆ. ಬರೆದವರು ತಮಗೆ ತುಂಬ ಇಷ್ಟವಾದ ಒಂದು ಪತ್ತೇದಾರಿಕೆಯನ್ನು ಉದಾಹರಣೆಗೆ ಅಂತ ವಿವರಿಸಿದ್ದರು. ಇಂಥವನನ್ನು ಹೀಗೆ ಗುರುತಿಸಿದೆ ಅಂತ. ಅದು ಕಥೆಯ ಗುಟ್ಟೇನೂ ಆಗಿರಲಿಲ್ಲ, ಪ್ರೀತಿಯಿಂದಲೇ ಬರೆದಿದ್ದರು. ನಾನು ಹೋಗಿ ಆ ಹೆಸರು ಬರೆದೆ. ಅವನ ಜೊತೆ ಇನ್ನಿಬ್ಬರದೂ ಸರಿಯಾಯಿತು. ಸಂಗೀತ ಏರಿತು, ಅಕ್ಷರ ಅಚ್ಚಾಯಿತು. ನನಗೆ ಏನೂ ಅನ್ನಿಸಲಿಲ್ಲ. ಇವತ್ತಿಗೂ ಆ ಹಡಗಿನವರನ್ನು ನೆನೆದರೆ ಅವನೊಬ್ಬ ನನಗೆ ಅಪರಿಚಿತ. ಉಳಿದವರನ್ನು ನಾನು ಹುಡುಕಿದ್ದೆ, ಅವನನ್ನು ಯಾರೋ ತಂದು ಕೈಗೆ ಕೊಟ್ಟಿದ್ದರು.

"ಗುಟ್ಟು ಗೊತ್ತಿದ್ದರೂ ಮಜಾ ಕಮ್ಮಿಯಾಗಲ್ಲ ಅಂತ ವಿಜ್ಞಾನಿಗಳೇ ಹೇಳಿದ್ದಾರಂತಲ್ಲ?" ಅಂತ ಕೆಲವರು ಕೇಳುತ್ತಾರೆ. ಹೇಳಿರುವುದು ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ 12 ಸಣ್ಣ ಕಥೆಗಳನ್ನು ಓದಿಸಿ ಪರೀಕ್ಷೆ ಮಾಡಿದ್ದರು. ಕೊನೆಯನ್ನು ಮೊದಲೇ ತಿಳಿದು ಓದಿದವರೇ ಒಟ್ಟಾರೆ ಹೆಚ್ಚು ಇಷ್ಟಪಟ್ಟಿದ್ದರು. ಕೆಲವು ವರ್ಷಗಳ ನಂತರ ಬೇರೆ ಸಂಶೋಧಕರು ಮಾಡಿದ ಪರೀಕ್ಷೆಯಲ್ಲಿ ಇದಕ್ಕೆ ಉಲ್ಟಾ ಫಲಿತಾಂಶ ಬಂತು. ಯಾವುದು ಸರಿಯೇ ಇರಲಿ, ಎರಡೂ ಕಡೆ ಜನ ಓದಿದ್ದು ಕಥೆ. ಕಥೆಯಲ್ಲಿ ಪತ್ತೇದಾರ ಬೇರೆ, ಓದುಗ ಬೇರೆ. ಇಂಥ ಗೇಮ್‌ನಲ್ಲಿ ನೀವೇ ಪತ್ತೇದಾರ. ಹಾಗಾಗಿ ಆ ಫಲಿತಾಂಶವನ್ನು ತಂದು ಇಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಕಥೆಯ ಥರದ ಇನ್ನೊಂದು ಬಗೆ, ಗೊತ್ತಿದ್ದರೂ ಮಜಾ ಹೋಗದಂಥದ್ದು. ಇಲ್ಲಿ ಸಸ್ಪೆನ್ಸ್ ಅಂದರೆ ಗುಟ್ಟಲ್ಲ, ಭಯ. 2014ರ ಏಲಿಯನ್: ಐಸೊಲೇಶನ್ ತಗೊಳ್ಳಿ. ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ಒಂದು ಪ್ರಾಣಿ ನಿಮ್ಮನ್ನು ಹುಡುಕುತ್ತಿದೆ. ಅದನ್ನು ಕೊಲ್ಲಲು ಆಗುವುದಿಲ್ಲ. ಅದು ಎಲ್ಲಿಗೆ ಬರುತ್ತದೆ ಅಂತ ಯಾರೂ ಮೊದಲೇ ಬರೆದಿಟ್ಟಿಲ್ಲ. ಗೇಮ್‌ನ ಒಳಗೆ ಎರಡು ಮೆದುಳು ಕೆಲಸ ಮಾಡುತ್ತಿರುತ್ತವೆ. ಒಂದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಇನ್ನೊಂದು ಪ್ರಾಣಿಯದು, ಅದಕ್ಕೆ ಗೊತ್ತಿಲ್ಲ. ಮೊದಲನೆಯದು ಆಗಾಗ ಎರಡನೆಯದಕ್ಕೆ "ಆ ಕಡೆ ನೋಡು" ಅಂತ ಸುಳಿವು ಕೊಡುತ್ತದೆ, ಅಷ್ಟೇ. ಮಿಕ್ಕಿದ್ದನ್ನು ಅದು ಕಣ್ಣು, ಕಿವಿಯಿಂದಲೇ ಪತ್ತೆ ಮಾಡಬೇಕು.

ನೋಡಿ, ಇದರ ಯಂತ್ರವನ್ನೇ ನಿಮ್ಮ ಮುಂದೆ ಬಿಚ್ಚಿಟ್ಟೆ. ಆದರೂ ಆಡುವಾಗ ನಿಮ್ಮ ಎದೆ ಡವಡವ ಅನ್ನುವುದು ತಪ್ಪುವುದಿಲ್ಲ. ಈ ಗೇಮ್‌ನಲ್ಲಿ ಸೇವ್ ಮಾಡಬೇಕಾದರೆ ಗೋಡೆಯ ಮೇಲಿನ ಪೆಟ್ಟಿಗೆಗೆ ಕಾರ್ಡ್ ತೂರಿಸಿ ಕಾಯಬೇಕು. ಒಂದು ದೀಪ. ಎರಡನೇ ದೀಪ. ಮೂರನೇ ದೀಪ. ಅಷ್ಟರವರೆಗೆ ಜಗತ್ತು ನಿಮಗಾಗಿ ನಿಲ್ಲುವುದಿಲ್ಲ. ಎರಡನೇ ದೀಪ ಹತ್ತಿದಾಗ ಬೆನ್ನ ಹಿಂದೆ ದಡ್ ದಡ್ ಹೆಜ್ಜೆ ಕೇಳಿಸಿತು ಅಂದರೆ, ನೂರು ರಿವ್ಯೂ ಓದಿದ್ದರೂ ನಿಮ್ಮ ಕೈ ಬೆವರುತ್ತದೆ. ಇಂಥ ಗೇಮ್‌ಗಳ ರಿವ್ಯೂ ನಿಶ್ಚಿಂತೆಯಿಂದ ಓದಿ. ಓದುವುದೇ ಒಳ್ಳೆಯದು ಅನ್ನುತ್ತೇನೆ, ಯಾಕೆಂದರೆ ಇದು ಎಲ್ಲರ ಗುಂಡಿಗೆಗೂ ಆಗಿಬರುವುದಿಲ್ಲ.

ಓದುವಾಗ ಅಂಕ ಬಿಡಿ, ಮಾತು ಹಿಡಿಯಿರಿ. ಇದೇ ಗೇಮ್‌ಗೆ ಐಜಿಎನ್ ಎಂಬ ಗೇಮ್ ವೆಬ್‌ಸೈಟ್ ಕೊಟ್ಟದ್ದು 10ಕ್ಕೆ 5.9. ಪಿಸಿ ಗೇಮರ್ ಪತ್ರಿಕೆ ಕೊಟ್ಟದ್ದು 100ಕ್ಕೆ 93. ಯಾರೂ ಸುಳ್ಳು ಹೇಳಿರಲಿಲ್ಲ. ಗಂಟೆಗಟ್ಟಲೆ ಬಚ್ಚಿಟ್ಟುಕೊಂಡು ಉಸಿರು ಬಿಗಿಹಿಡಿಯುವುದು ಒಬ್ಬರಿಗೆ ಬೇಜಾರು, ಇನ್ನೊಬ್ಬರಿಗೆ ಅದೇ ಹಬ್ಬ. "ತುಂಬ ಉದ್ದ, ಸಾಯುವುದೇ ಜಾಸ್ತಿ" ಅನ್ನುವ ದೂರು ಓದಿದಾಗ ನಿಮಗೇನು ಅನ್ನಿಸಿತು ಅನ್ನುವುದೇ ಆ ಗೇಮ್ ನಿಮ್ಮದು ಹೌದೋ ಅಲ್ಲವೋ ಅಂತ ಹೇಳುತ್ತದೆ.

ಒಗಟಿರಲಿ, ಭಯವಿರಲಿ, ಒಂದು ವಿಷಯವನ್ನು ಮಾತ್ರ ತಿಳಿಯದೆ ದುಡ್ಡು ಹಾಕಬೇಡಿ: ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಓಡುತ್ತಾ? 2022ರ ಡಿಸೆಂಬರ್‌ನಲ್ಲಿ ಬಂದ ದಿ ಕ್ಯಾಲಿಸ್ಟೊ ಪ್ರೊಟೊಕಾಲ್ ಪಿಸಿಯಲ್ಲಿ ಮೊದಲ ದಿನ ಹೆಜ್ಜೆಹೆಜ್ಜೆಗೂ ತಡವರಿಸುತ್ತಿತ್ತು. ಭಯ ಹುಟ್ಟಿಸಬೇಕಾದ ಕಡೆ ಚಿತ್ರವೇ ನಿಂತರೆ ಭಯ ಎಲ್ಲಿಂದ ಬರಬೇಕು? 2023ರ ಅಲನ್ ವೇಕ್ 2 ಬಿಡುಗಡೆಯಾದಾಗ ಎನ್ವಿಡಿಯಾ ಕಂಪನಿಯ ಹಳೆಯ ಜಿಟಿಎಕ್ಸ್ 10 ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿರುವುದು ಅಂಥ ಕಾರ್ಡ್‌ಗಳೇ. ಈ ಮಾಹಿತಿಯಲ್ಲಿ ಕಥೆಯ ಗುಟ್ಟು ಒಂದಕ್ಷರವೂ ಇರುವುದಿಲ್ಲ. ಕಣ್ಣು ಮುಚ್ಚಿ ಓದಿ.

ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಾನು ಮಾಡುವುದು ಹೀಗೆ. ಮೊದಲು ಕೆಟ್ಟ ರಿವ್ಯೂಗಳನ್ನು ತೆಗೆಯುತ್ತೇನೆ. ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಎರಡು-ಮೂರು ಗಂಟೆ ಆಡಿ ಬಿಟ್ಟವರ ರಿವ್ಯೂ ನನಗೆ ಬಂಗಾರ. ಅವರಿಗೆ ಗುಟ್ಟೇ ಗೊತ್ತಿರುವುದಿಲ್ಲ, ಹೇಳೋಕೆ ಹೇಗೆ ಸಾಧ್ಯ? ಯಾಕೆ ಬಿಟ್ಟೆವು ಅಂತ ಮಾತ್ರ ಹೇಳುತ್ತಾರೆ. ತಲೆ ತಿರುಗಿತು, ಕಂಟ್ರೋಲ್ ಕಷ್ಟ, ಓದೋದು ಜಾಸ್ತಿ, ಹೀಗೆ. ನನಗೆ ಬೇಕಾದ್ದೂ ಅಷ್ಟೇ. ಮುಗಿಸಿದವರ ಉದ್ದನೆಯ ಹೊಗಳಿಕೆಯನ್ನು ಆಡಿ ಮುಗಿಸಿದ ರಾತ್ರಿಗೆ ಎತ್ತಿಡುತ್ತೇನೆ. ಆಗ ಓದುವ ಸುಖವೇ ಬೇರೆ.

ಅಂದಹಾಗೆ, ಪತ್ರಿಕೆಗಳ ರಿವ್ಯೂಗೆ ನೀವು ಹೆದರುವಷ್ಟು ಕಾರಣವಿಲ್ಲ. ಅವರಿಗೆ ಗೇಮ್ ಮುಂಚಿತವಾಗಿ ಸಿಗುವಾಗ ಏನು ಹೇಳಬಾರದು ಅನ್ನುವ ಷರತ್ತೂ ಜೊತೆಗೇ ಬರುತ್ತದೆ. 2020ರಲ್ಲಿ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗದ ರಿವ್ಯೂ ಬರೆದವರು ಕಥೆಯ ದ್ವಿತೀಯಾರ್ಧದ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಆದರೆ ಅದರ ಗುಟ್ಟು ಅದಾಗಲೇ ಹೊರಗೆ ಬಿದ್ದಿತ್ತು. ಬಿಡುಗಡೆ ಜೂನ್‌ನಲ್ಲಿ, ಏಪ್ರಿಲ್‌ನಲ್ಲೇ ವಿಡಿಯೋ ಸೋರಿಹೋಗಿತ್ತು. ಏನನ್ನೂ ಹುಡುಕದೆ ಸುಮ್ಮನೆ ಕೂತವರಿಗೂ ಯಾರದೋ ಕಾಮೆಂಟ್‌ನಲ್ಲಿ ಕಣ್ಣಿಗೆ ಬಿತ್ತು. ಹಾಗಾಗಿ ನನ್ನ ಭಯ ರಿವ್ಯೂಗಿಂತ ಯೂಟ್ಯೂಬ್‌ನದು. ಗೇಮ್‌ನ ಹೆಸರು ಒಂದು ಸಲ ಹುಡುಕಿದರೆ ಸಾಕು, ಮಾರನೇ ದಿನ ಕೊನೆಯ ದೃಶ್ಯವೇ ದೊಡ್ಡ ಚಿತ್ರವಾಗಿ ಬಂದು ಕೂರುತ್ತದೆ. ಹುಡುಕಲೇಬೇಕಿದ್ದರೆ ಲಾಗಿನ್ ಇಲ್ಲದ ಖಾಸಗಿ ಕಿಟಕಿಯಲ್ಲಿ ಹುಡುಕಿ. ಸ್ಟೀಮ್‌ನ ಅಚೀವ್‌ಮೆಂಟ್ ಪಟ್ಟಿಯನ್ನೂ (ಆಟದಲ್ಲಿ ಗಳಿಸಬಹುದಾದ ಸಾಧನೆಗಳ ಪಟ್ಟಿ) ನೋಡಬೇಡಿ, ಕೆಲವು ಗೇಮ್‌ಗಳಲ್ಲಿ ಅದರಲ್ಲಿರುವ ಅಧ್ಯಾಯಗಳ ಹೆಸರೇ ಕಥೆ ಹೇಳಿಬಿಡುತ್ತದೆ.

ಈಗ ನಿಮ್ಮ ಔಟರ್ ವೈಲ್ಡ್ಸ್‌ಗೆ ಬರೋಣ. ಬೇರೆ ಎಲ್ಲೂ ಓದುವುದು ಬೇಡ, ಕೊಳ್ಳಲು ಬೇಕಾದ್ದನ್ನು ನಾನೇ ಹೇಳುತ್ತೇನೆ. ಗುಂಡು ಹಾರಿಸುವುದು, ಹೊಡೆದಾಟ ಇಲ್ಲ. ಹಳೆಯ ಗ್ರಾಫಿಕ್ಸ್ ಕಾರ್ಡ್ ಸಾಕು. ನೌಕೆ ಹಾರಿಸುವುದು ಮೊದಲ ಗಂಟೆ ಕಷ್ಟ, ನಾಲ್ಕಾರು ಸಲ ಗುದ್ದುತ್ತೀರಿ. ಕೀಬೋರ್ಡ್‌ಗಿಂತ ಕಂಟ್ರೋಲರ್ ಇದ್ದರೆ ವಾಸಿ. ಗೇಮ್‌ಗಳಲ್ಲಿ ತಲೆ ಸುತ್ತುವ ಅಭ್ಯಾಸ ಇದ್ದವರಿಗೆ ಇಲ್ಲೂ ಸುತ್ತಬಹುದು. ಆಳವಾದ ನೀರು, ಕತ್ತಲು, ಖಾಲಿ ಆಕಾಶ ಕಂಡರೆ ಹೆದರುವವರಿಗೆ ಅಲ್ಲಲ್ಲಿ ಬೆಚ್ಚಿಬೀಳುವ ಜಾಗ ಇದೆ. ಕನ್ನಡ ಇಲ್ಲ, ಇಂಗ್ಲಿಷ್‌ನಲ್ಲಿ ಓದುವುದು ಸಾಕಷ್ಟಿದೆ. ನಿಧಾನವಾಗಿ ಓದಿದರೂ ನಡೆಯುತ್ತದೆ, ಓದಿ ತಿಳಿದದ್ದನ್ನು ನೌಕೆಯ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಹೋಗಬೇಕಾದ ದಾರಿಯನ್ನು ಬಾಣ ಹಾಕಿ ಯಾರೂ ತೋರಿಸುವುದಿಲ್ಲ. ಎಷ್ಟೋ ಜನ ಬಿಟ್ಟು ಹೋಗುವುದು ಈ ಕಾರಣಕ್ಕೇ. ಎಕೋಸ್ ಆಫ್ ದಿ ಐ ಎಂಬ 2021ರ ಹೆಚ್ಚುವರಿ ಭಾಗವನ್ನು ಈಗಲೇ ಕೊಳ್ಳಬೇಡಿ, ಮೂಲ ಗೇಮ್ ಇಷ್ಟವಾದರೆ ಆಮೇಲೆ ನೋಡಿಕೊಳ್ಳಿ.

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ಕೇಳಿದರೆ ದುಡ್ಡು ವಾಪಸ್ ಸಿಗುತ್ತದೆ. ಅದನ್ನೇ ನಿಮ್ಮ ರಿವ್ಯೂ ಅಂದುಕೊಳ್ಳಿ. ಒಂದೂ ಮುಕ್ಕಾಲು ಗಂಟೆಗೆ ಅಲಾರಂ ಇಟ್ಟು ಕೂತುಕೊಳ್ಳಿ. ಗೇಮ್ ಶುರುವಾಗುವ ಹಳ್ಳಿಯಲ್ಲಿ ಎಲ್ಲರನ್ನೂ ಮಾತಾಡಿಸಿ, ಆಮೇಲೆ ನೌಕೆ ಹತ್ತಿ ಮನಸ್ಸು ಬಂದ ಗ್ರಹಕ್ಕೆ ಹೋಗಿ. ಅಲಾರಂ ಹೊಡೆದಾಗ "ಅಲ್ಲಿ ಕಂಡದ್ದು ಏನದು?" ಅಂತ ತಲೆ ಕೊರೆಯುತ್ತಿದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಮಾಡಿ, ತಪ್ಪೇನಿಲ್ಲ.

ಹಾ, ಇನ್ನೊಂದು. ಗೇಮ್ ಶುರುವಾಗುವಾಗ ರಾತ್ರಿ, ಬೆಂಕಿಯ ಪಕ್ಕದಲ್ಲಿ ಮಲಗಿರುತ್ತೀರಿ. ಕಣ್ಣು ಬಿಟ್ಟ ಕೂಡಲೇ ಎದ್ದು ಓಡಬೇಡಿ. ಒಂದು ಕ್ಷಣ ಹಾಗೇ ಆಕಾಶ ನೋಡಿ.