ಗಾಜಿನ ಎಳೆಗೆ ನೆಲದ ನಡುಕ ಹೇಗೆ ಗೊತ್ತಾಗುತ್ತದೆ?

ಮಳೆಗಾಲದ ರಾತ್ರಿ ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿದವರಿಗೆ ಇದು ಗೊತ್ತು. ಮಂಜು ಕವಿದಾಗ ಹೆಡ್‌ಲೈಟ್ ಜೋರು ಮಾಡಿದರೆ ರಸ್ತೆ ಇನ್ನೂ ಕಾಣುವುದಿಲ್ಲ. ಎದುರಿಗೆ ಬಿಳಿ ಗೋಡೆ ಕಟ್ಟಿದ ಹಾಗೆ ಇರುತ್ತದೆ. ನಾವು ಮುಂದಕ್ಕೆ ಬಿಟ್ಟ ಬೆಳಕೇ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಗಾಡಿ ಓಡಿಸುವವರಿಗೆ ಅದೊಂದು ಕಾಟ. ಆದರೆ ಮಂಜು ಎಲ್ಲಿದೆ, ಎಷ್ಟು ದಟ್ಟವಾಗಿದೆ ಎಂದು ತಿಳಿಯಬೇಕಾದವರಿಗೆ ಆ ವಾಪಸ್ ಬಂದ ಬೆಳಕೇ ಬೇಕು, ಅಲ್ವಾ?

ರಸ್ತೆ ಬದಿಯ ಆಪ್ಟಿಕಲ್ ಫೈಬರ್ ಕೇಬಲ್‌ನಿಂದ ಭೂಕಂಪ ಅಳೆಯುವುದೂ ಹೀಗೇ. ಇಂಟರ್ನೆಟ್‌ನವರಿಗೆ ಬೇಡವಾದ ಬೆಳಕನ್ನು ಭೂಭೌತಶಾಸ್ತ್ರದವರು ಹಿಡಿದಿಟ್ಟುಕೊಂಡಿದ್ದಾರೆ.

ಗಾಜಿನಿಂದ ಶುರು ಮಾಡೋಣ. ಫೈಬರ್ ಅಂದರೆ ಸಿಲಿಕಾ ಗಾಜಿನ ಎಳೆ. ಒಟ್ಟು ದಪ್ಪ 125 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಬೆಳಕು ಓಡುವ ನಡುವಿನ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ತಿರುಳಿನಲ್ಲಿ ಬೆಳಕಿನ ವೇಗ ಸುತ್ತಲಿನ ಗಾಜಿಗಿಂತ ಒಂಚೂರು ಕಮ್ಮಿ, ಹಾಗಾಗಿ ಬೆಳಕು ಒಳಗೇ ಉಳಿಯುತ್ತದೆ. ಇಷ್ಟು ಪಿಯುಸಿ ಪಾಠ.

ಕಷ್ಟ ಇದ್ದದ್ದು ನಷ್ಟದ ವಿಷಯದಲ್ಲಿ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಮಾತು ಹೇಳಿದರು. ಬೆಳಕನ್ನು ನುಂಗುತ್ತಿರುವುದು ಗಾಜಲ್ಲ, ಗಾಜಿನಲ್ಲಿರುವ ಕಲ್ಮಶ. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ಸಾಕು, ಫೋನ್ ಲೈನ್ ಮಾಡಬಹುದು ಎಂದರು. 20 ಡೆಸಿಬೆಲ್ ಅಂದರೆ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವುದು. ಅದೇ ಆಗ ದೊಡ್ಡ ಗುರಿ! 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಆ ಗುರಿ ದಾಟಿತು. ಕಾವೊಗೆ ನೊಬೆಲ್ ಸಿಕ್ಕಿದ್ದು ಮಾತ್ರ 2009ರಲ್ಲಿ.

ಇವತ್ತಿನ ಫೈಬರ್‌ನಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ಅಂದರೆ 15 ಕಿಲೋಮೀಟರಿಗೆ ಬೆಳಕು ಅರ್ಧ ಆಗುತ್ತದೆ. ಕಾರವಾರದಲ್ಲಿ ಬಿಟ್ಟ ಬೆಳಕು ಸುಮಾರು 35 ಕಿಲೋಮೀಟರ್ ದೂರದ ಅಂಕೋಲೆ ಮುಟ್ಟುವಾಗ ಐದರಲ್ಲಿ ಒಂದು ಪಾಲು ಉಳಿದಿರುತ್ತದೆ. ಕಿಟಕಿ ಗಾಜು ಅಷ್ಟು ದಪ್ಪ ಇದ್ದರೆ ಏನೂ ಕಾಣುತ್ತಿರಲಿಲ್ಲ.

ಕಲ್ಮಶ ಎಲ್ಲ ತೆಗೆದ ಮೇಲೂ ಈ 0.2 ಯಾಕೆ ಉಳಿದಿದೆ? ಬಿಸಿ ಗಾಜು ತಣಿಯುವಾಗ ಅದರ ಸಾಂದ್ರತೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಆ ಏರುಪೇರು ಹಾಗೇ ಗಟ್ಟಿಯಾಗಿಬಿಡುತ್ತದೆ. ಬೆಳಕಿನ ಅಲೆಗಿಂತ ತುಂಬಾ ಚಿಕ್ಕದಾದ ಇಂಥ ಏರುಪೇರಿಗೆ ಸಿಕ್ಕ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಇದು ರೇಲಿ ಚದುರುವಿಕೆ, ಆಕಾಶವನ್ನು ನೀಲಿ ಮಾಡುವುದೂ ಇದೇ. (ಘಟ್ಟದ ಮಂಜಿನ ಹನಿ ಇದಕ್ಕಿಂತ ಬಹಳ ದೊಡ್ಡದು, ಅದರ ಲೆಕ್ಕ ಬೇರೆ. ಪರೀಕ್ಷೆಯಲ್ಲಿ ಮಂಜನ್ನು ರೇಲಿ ಎಂದು ಬರೆಯಬೇಡಿ.) ತರಂಗಾಂತರ ಎರಡು ಪಟ್ಟಾದರೆ ಚದುರುವುದು 16 ಪಟ್ಟು ಕಮ್ಮಿ. ಅದಕ್ಕೇ ಫೈಬರ್‌ನಲ್ಲಿ ಕಣ್ಣಿಗೆ ಕಾಣದ 1550 ನ್ಯಾನೋಮೀಟರ್ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್) ಅವಕೆಂಪು ಬೆಳಕು ಬಳಸುತ್ತಾರೆ.

ಚದುರಿದ ಬೆಳಕಿನ ಒಂದು ತುಣುಕು ತಿರುಗಿ ಬಂದ ದಾರಿಯಲ್ಲೇ ಹೊರಡುತ್ತದೆ. ನಮಗೆ ಬೇಕಾದದ್ದು ಇದು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಒಂದು ಮೀಟರಿಗೆ 5 ನ್ಯಾನೋಸೆಕೆಂಡ್. ಬೆಳಕಿನ ಚಿಕ್ಕದೊಂದು ಮಿಡಿತ ಬಿಟ್ಟು ಎಷ್ಟು ಹೊತ್ತಿಗೆ ವಾಪಸ್ ಬಂತು ಎಂದು ನೋಡಿದರೆ ಎಷ್ಟು ದೂರದಿಂದ ಬಂತು ಎಂದು ಹೇಳಬಹುದು. ಇಲ್ಲಿ ನಾನು ಎಡವಿದ್ದೆ. ಹೋಗಿ ಬರುವ ಎರಡೂ ದಾರಿ ಲೆಕ್ಕಕ್ಕೆ ಬರಬೇಕು, ಮೀಟರಿಗೆ 10 ನ್ಯಾನೋಸೆಕೆಂಡ್. ಮೊದಲ ಸಲ ಲೆಕ್ಕ ಹಾಕುವಾಗ ಇದನ್ನು ಮರೆತು ನನ್ನ ಉತ್ತರದಲ್ಲಿ ಎಲ್ಲ ದೂರವೂ ಎರಡು ಪಟ್ಟಾಗಿತ್ತು. 50 ಕಿಲೋಮೀಟರ್ ಫೈಬರ್‌ಗೆ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಬೇಕು. ಒಂದು ಮಿಡಿತ ಪೂರ್ತಿ ವಾಪಸಾಗುವ ತನಕ ಇನ್ನೊಂದನ್ನು ಬಿಡುವ ಹಾಗಿಲ್ಲ. ಹಾಗಾಗಿ ಸೆಕೆಂಡಿಗೆ 2000ಕ್ಕಿಂತ ಜಾಸ್ತಿ ಮಿಡಿತ ಸಾಧ್ಯವಿಲ್ಲ.

ನೆಲ ನಡುಗಿದಾಗ ಫೈಬರ್ ಹಿಗ್ಗಿ ಕುಗ್ಗುತ್ತದೆ. ಎಷ್ಟು? 10 ಮೀಟರ್ ಉದ್ದಕ್ಕೆ 10 ನ್ಯಾನೋಮೀಟರ್ ಅಂದುಕೊಳ್ಳಿ. ತಲೆಕೂದಲಿನ ದಪ್ಪದಲ್ಲಿ ಸಾವಿರಾರು ಪಾಲು ಮಾಡಿ ಒಂದು ಪಾಲು ತೆಗೆದ ಹಾಗೆ. ಅಷ್ಟಕ್ಕೂ ವಾಪಸ್ ಬರುವ ಅಲೆಯ ಹಂತ (ಇಂಗ್ಲಿಷಿನಲ್ಲಿ ಫೇಸ್, ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು) ಸ್ವಲ್ಪ ಸರಿಯುತ್ತದೆ. ಈ ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ಹಂತ ಎಷ್ಟು ಬದಲಾಯಿತು ಎಂದು ಪ್ರತಿ 10 ಮೀಟರಿಗೂ ಬರೆದುಕೊಂಡರೆ 50 ಕಿಲೋಮೀಟರಿಗೆ 5000 ಕಂಪನಮಾಪಕ ಹೂತಿಟ್ಟಂತೆ ಆಯಿತು.

ಆದರೆ ಹಂತ ಹೋಲಿಸಬೇಕಾದರೆ ಲೇಸರ್ ತಾನೇ ಅಲುಗಾಡಬಾರದು. ಉದ್ದ ಬದಲಾಗುತ್ತಾ ಇರುವ ಟೇಪಿನಿಂದ ಗದ್ದೆ ಅಳೆದರೆ ಏನು ಪ್ರಯೋಜನ? ಬೆಳಕು ಬಹುಪಾಲು ಒಂದೇ ಆವರ್ತನದ್ದಾಗಿರಬೇಕು. ಅಂಥ ಬೆಳಕು ಕೊಡುವವುಗಳಲ್ಲಿ ಒಂದು ಫೈಬರ್ ಲೇಸರ್. ಅಂದರೆ ಅಳೆಯುವ ದಾರವೂ ಗಾಜಿನ ಎಳೆ, ಬೆಳಕು ಹುಟ್ಟುವ ಜಾಗವೂ ಗಾಜಿನ ಎಳೆ.

ಈ ಲೇಸರಿನ ಫೈಬರ್‌ನಲ್ಲಿ ಎರ್ಬಿಯಂ ಎಂಬ ಧಾತುವನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. 980 ನ್ಯಾನೋಮೀಟರಿನ ಬೆಳಕು ಹಾಯಿಸಿದರೆ ಎರ್ಬಿಯಂ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಶಕ್ತಿಯ ಮೇಲಿನ ಮಟ್ಟಕ್ಕೆ ಏರುತ್ತದೆ, ಬೇಗನೆ ನಡುವಿನ ಮೆಟ್ಟಿಲಿಗೆ ಇಳಿದು ಅಲ್ಲಿ ಸುಮಾರು 10 ಮಿಲಿಸೆಕೆಂಡ್ ಕೂರುತ್ತದೆ. ಅಯಾನಿನ ಲೆಕ್ಕದಲ್ಲಿ ಅದು ಬಹಳ ಹೊತ್ತು. ಆ ಬಿಡುವಿನಲ್ಲಿ ಹಾದುಹೋಗುವ ಬೆಳಕು ಅದನ್ನು ತಟ್ಟಿದರೆ ಅದೇ ಹಂತದ, ಅದೇ ಬಣ್ಣದ ಇನ್ನೊಂದು ಫೋಟಾನ್, ಅಂದರೆ ಬೆಳಕಿನ ಕಣ, ಹೊರಬರುತ್ತದೆ. ಹೊರಬರುವ ಬಣ್ಣ ಯಾವುದು? 1550ರ ಆಸುಪಾಸು! ಗಾಜಿನ ನಷ್ಟ ಅತಿ ಕಮ್ಮಿ ಇರುವ ಜಾಗವೇ ಅದು. ಇಂಥ ಕಾಕತಾಳೀಯ ಭೌತಶಾಸ್ತ್ರದಲ್ಲಿ ಸುಮ್ನೆ ಸಿಗುವುದಿಲ್ಲ. 1987ರಲ್ಲಿ ಇಂಗ್ಲೆಂಡಿನ ಡೇವಿಡ್ ಪೇನ್ ತಂಡ, ದಾರಿಯಲ್ಲಿ ಮಂಕಾದ ಬೆಳಕನ್ನು ಮತ್ತೆ ಜೋರು ಮಾಡುವ ಎರ್ಬಿಯಂ ಫೈಬರ್ ವರ್ಧಕ ತೋರಿಸಿತು, ಸಮುದ್ರದಡಿಯ ಕೇಬಲ್‌ಗಳ ಕಥೆಯೇ ಬದಲಾಯಿತು.

ಲೇಸರಿಗೆ ಕನ್ನಡಿಯೂ ಬೇಕಲ್ಲ? ಅದನ್ನೂ ಎಳೆಯ ಒಳಗೇ ಬರೆಯುತ್ತಾರೆ. ನೇರಳಾತೀತ ಬೆಳಕಿನಿಂದ ಸುಮಾರು ಅರ್ಧ ಮೈಕ್ರಾನಿಗೊಂದರಂತೆ ಗೆರೆ ಹಾಕಿದರೆ 1550ರ ಬೆಳಕಷ್ಟೇ ಅಲ್ಲಿಂದ ತಿರುಗುತ್ತದೆ. ಇದು ಬ್ರ್ಯಾಗ್ ಗ್ರೇಟಿಂಗ್.

ಇದೆಲ್ಲ ಬರೀ ಕಾಗದದ ಲೆಕ್ಕವಲ್ಲ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಐಸ್‌ಲ್ಯಾಂಡಿನ 15 ಕಿಲೋಮೀಟರ್ ಟೆಲಿಕಾಂ ಕೇಬಲ್‌ನಿಂದ ನೆಲದೊಳಗಿನ ಸ್ತರಭಂಗಗಳನ್ನು, ಅಂದರೆ ಬಂಡೆ ಬಿರಿದು ಸರಿದ ಜಾಗಗಳನ್ನು, ಗುರುತಿಸಿದರು. ಅದೇ ವರ್ಷ ಜೂಸೆಪ್ಪೆ ಮಾರ್ರಾ ಎಂಬ ವಿಜ್ಞಾನಿಯ ತಂಡ ಇನ್ನೊಂದು ಸಂಗತಿ ಹೇಳಿತು. ಅವರು ಇಂಗ್ಲೆಂಡಿನಲ್ಲಿ ಪರಮಾಣು ಗಡಿಯಾರಗಳನ್ನು ಹೋಲಿಸುವ ಕೆಲಸಕ್ಕೆ ಫೈಬರ್ ಬಳಸುತ್ತಿದ್ದರು. ಅದರ ಗದ್ದಲದಲ್ಲಿ 2016ರ ಇಟಲಿಯ ಭೂಕಂಪ ಸಿಕ್ಕಿತು. ಅಲ್ಲೂ ಅಷ್ಟೇ, ಬೇಡವೆಂದು ತೆಗೆಯಬೇಕಿದ್ದ ಗದ್ದಲದಲ್ಲೇ ವಿಷಯ ಇತ್ತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪಾಠ ಓದುವಾಗ ಶಿರೂರು ನೆನಪಾಗದೇ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಆ ಊರಿನ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಮಣ್ಣು ಗಂಗಾವಳಿ ನದಿಗೆ ಇಳಿಯಿತು, ಜನ ಸತ್ತರು. ಫೈಬರ್ ಮುಂಚೆಯೇ ಹೇಳುತ್ತಿತ್ತಾ ಎಂದು ಕೇಳಿದರೆ ಹೌದು ಎಂದುಬಿಡುವುದು ತಪ್ಪು. ದಿನ, ಗಂಟೆ ಹೇಳುವ ಉಪಕರಣ ಇದಲ್ಲ. ಆದರೆ ಮಳೆನೀರು ಮಣ್ಣಿನ ಕಣಗಳ ನಡುವೆ ತುಂಬಿ ಒತ್ತಡ ಏರಿದಾಗ, ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಕಮ್ಮಿಯಾಗುತ್ತದೆ. ಅಂಥ ಮಣ್ಣಿನಲ್ಲಿ ಕಂಪನದ ಅಲೆ ನಿಧಾನವಾಗುತ್ತದೆ. ಇದನ್ನು ಫೈಬರ್‌ನಿಂದ ದಿನಾ ಅಳೆಯಬಹುದು, ನೆಲ ನಡುಗಿಸಲು ಸಿಡಿಮದ್ದು ಬೇಡ. ಹೆದ್ದಾರಿಯ ಲಾರಿಗಳ ಸದ್ದೇ ಸಾಕು. ನಿಧಾನವಾಗಿ ಜಾರುವ ಮಣ್ಣಿಗೆ ಬ್ರಿಲುವಾ ಚದುರುವಿಕೆ (ಗಾಜಿನೊಳಗಿನ ಶಬ್ದದ ಅಲೆಗೆ ಬಡಿದು ಬೆಳಕು ಚದುರುವುದು) ಬಳಸುವ ಬೇರೆ ವಿಧಾನವಿದೆ. ಯಾವುದೇ ಆದರೂ ಕೇಬಲ್ ಗುಡ್ಡದ ಮೈಮೇಲೆ ಇರಬೇಕು. ಕೆಳಗಿನ ರಸ್ತೆ ಬದಿಯ ಕೇಬಲ್ ರಸ್ತೆಯ ಕಥೆಯನ್ನಷ್ಟೇ ಹೇಳುತ್ತದೆ.

ಇನ್ನೊಂದು ತೊಡಕು. ಪ್ಲಾಸ್ಟಿಕ್ ಪೈಪಿನೊಳಗೆ ಸಡಿಲವಾಗಿ ಮಲಗಿದ ಕೇಬಲ್‌ಗೆ ನೆಲದ ನಡುಕ ಅರ್ಧಂಬರ್ಧ ಮುಟ್ಟುತ್ತದೆ. ಜೊತೆಗೆ ರಿಪೇರಿಗೆ ಬೇಕಾಗುತ್ತದೆಂದು ಅಲ್ಲಲ್ಲಿ ಗುಂಡಿಗಳಲ್ಲಿ ಕೇಬಲ್ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಹಾಗಾಗಿ ಫೈಬರಿನ 2000ನೇ ಮೀಟರ್ ಅಂದರೆ ರಸ್ತೆಯ 2000ನೇ ಮೀಟರ್ ಅಲ್ಲ. ಇಷ್ಟೆಲ್ಲ ಸೂಕ್ಷ್ಮ ಲೇಸರ್ ಇಟ್ಟುಕೊಂಡವರು ಇದಕ್ಕೆ ಮಾಡುವುದು ಏನು ಗೊತ್ತಾ? ಸುತ್ತಿಗೆ ಹಿಡಿದು ಕೇಬಲ್ ದಾರಿಯುದ್ದಕ್ಕೂ ನಡೆಯುತ್ತಾ ನೆಲಕ್ಕೆ ಕುಟ್ಟುತ್ತಾರೆ. ಕುಟ್ಟಿದ ಜಾಗವನ್ನು ಜಿಪಿಎಸ್‌ನಲ್ಲಿ ಬರೆದುಕೊಳ್ಳುತ್ತಾರೆ. ಪರದೆಯ ಮೇಲೆ ಎಷ್ಟನೇ ಮೀಟರಿನಲ್ಲಿ ಆ ಪೆಟ್ಟು ಕಂಡಿತು ಎಂದು ಒಳಗೆ ಕೂತವರು ನೋಡಿ ಹೇಳುತ್ತಾರೆ.